ಕನಾಲ್ ದ್ಯು ಮಿದಿ ದಂಡೆ: ನಾಲ್ಕು ದಿನಕ್ಕೆ ಐದು ಪಂಚರ್, ಎಡವಟ್ಟು ಎಲ್ಲಿ?

ಹೊಸದಾರಿ:
ದಕ್ಷಿಣ ಫ್ರಾನ್ಸಿನಲ್ಲಿ ತುಲೂಸಿನಿಂದ ಬೇಝಿಯೇವರೆಗೆ ಕನಾಲ್ ದ್ಯು ಮಿದಿ ಕಾಲುವೆ ದಂಡೆಯ ದಾರಿ. ಟೈರು 700×38 (ಅಗಲ 38 ಮಿ.ಮೀ.), ಒಳಗೆ ಟ್ಯೂಬು. ರಿಮ್ಮಿನ ಒಳ ಅಗಲ 21 ಮಿ.ಮೀ. ಸವಾರ 78 ಕೆಜಿ, ಸೈಕಲ್ 12, ಚೀಲಗಳು 9. ಗಾಳಿ ಮುಂದೆ 2.0 ಬಾರ್, ಹಿಂದೆ 2.2. ಗ್ರಾವೆಲ್‌ಗೆ (ಜಲ್ಲಿ-ಮಣ್ಣಿನ ದಾರಿಗೆ) ಇಷ್ಟೇ ಸಾಕು ಅಂತ ಎಲ್ಲ ಕಡೆ ಬರೆದಿದ್ದಾರೆ.

ಐದು ಟ್ಯೂಬಿನ ಲೆಕ್ಕ: ಎರಡರಲ್ಲಿ ಹೊರಮೈಗೆ ಸೂಜಿಮೊನೆಯಷ್ಟು ತೂತು, ಇವೆರಡೂ ಬೇಝಿಯೇ ಹತ್ತಿರ ಬಂದಮೇಲೆ ಆದವು. ಇನ್ನೆರಡರಲ್ಲಿ ರಿಮ್ ಕಡೆ ಅಕ್ಕಪಕ್ಕ ಎರಡೆರಡು ಸೀಳು, ಇವು ಕಾಸ್ಟೆಲ್‌ನೋದಾರಿ ಆಸುಪಾಸಿನವು. ಕೊನೆಯದು ವಾಲ್ವಿನ ಬುಡದಲ್ಲೇ ಹರಿದಿದೆ. ಮುಂದೆ ರೈಲಿನಲ್ಲಿ ಬೆದಾರಿಯೂಗೆ ಹೋಗಿ, ಅಲ್ಲಿಂದ ಪಾಸಾಪಾಯಿಸ್ ಎಂಬ ಸೈಕಲ್ ದಾರಿ ಹಿಡಿದು ಮಝಾಮೆ ಸೇರುವ ಯೋಜನೆ. ಟೈರ್ ಬದಲಿಸಬೇಕಾ?

ಕಡ್ಡಿಚಕ್ರ:
ಟೈರಿನ ತಪ್ಪಲ್ಲ. ತೂತುಗಳ ಜಾಗವನ್ನು ನೀವು ಸರಿಯಾಗಿ ಬರೆದಿದ್ದರಿಂದ ಅರ್ಧ ಕೆಲಸ ಮುಗಿದಿದೆ. ಇಲ್ಲಿರುವುದು ಒಂದಲ್ಲ, ಮೂರು ಬೇರೆ ಬೇರೆ ಕಾರಣ.

ಜೋಡಿ ಸೀಳು ಅಂದರೆ ಟ್ಯೂಬು ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಜಜ್ಜಿದೆ. ತುಲೂಸಿನಿಂದ ಪೋರ್-ಲೊರಾಗೇವರೆಗೆ ಸುಮಾರು 50 ಕಿ.ಮೀ. ಡಾಂಬರು, ಅಲ್ಲಿ ಏನೂ ಗೊತ್ತಾಗುವುದಿಲ್ಲ. ಓದ್ ಜಿಲ್ಲೆಗೆ ಕಾಲಿಟ್ಟ ಮೇಲೆ ಪ್ಲಾತಾನ್ ಮರಗಳ ಬೇರು ದಾರಿಗೆ ಅಡ್ಡಲಾಗಿ ಎದ್ದಿರುತ್ತದೆ. ಕೆಳಗಿನ ಬೇರು ಎಲೆಯ ನೆರಳಲ್ಲಿ ಕಾಣುವುದೂ ಇಲ್ಲ. ನೀವು ಓದಿರುವ 2 ಬಾರ್ ಟ್ಯೂಬ್‌ಲೆಸ್‌ನವರ ಲೆಕ್ಕ. ಒಟ್ಟು 99 ಕೆಜಿಗೆ, ಟ್ಯೂಬ್ ಇಟ್ಟ 38ರ ಟೈರಿಗೆ, ಮುಂದೆ 2.8, ಹಿಂದೆ 3.2 ಬಾರ್‌ನಿಂದ ಶುರು ಮಾಡಿ. ನಿಮ್ಮ ಪಂಪಿನಲ್ಲಿ ಪಿಎಸ್‌ಐ ಇದ್ದರೆ ಸುಮಾರು 41 ಮತ್ತು 46. ಟೈರಿನ ಪಕ್ಕದಲ್ಲಿ ಅಚ್ಚು ಹಾಕಿರುವ ಗರಿಷ್ಠ ಮಿತಿಯನ್ನು ಮಾತ್ರ ಮೀರಬೇಡಿ. ಬೇರು ಕಂಡಾಗ ಸೀಟಿನಿಂದ ಎದ್ದು ಮೊಣಕಾಲು ಸಡಿಲ ಬಿಡಿ. ಹಿಂದಿನ ಚಕ್ರದ ಏಟು ಅರ್ಧಕ್ಕೆ ಇಳಿದ ಹಾಗಿರುತ್ತದೆ.

ವಾಲ್ವಿನ ಬುಡ ಹರಿಯುವುದಕ್ಕೂ ಕಡಿಮೆ ಗಾಳಿಯೇ ಮೂಲ ಇರಬಹುದು. ಬ್ರೇಕ್ ಹಿಡಿದಾಗ ಟೈರು ರಿಮ್ಮಿನ ಮೇಲೆ ಚೂರು ಚೂರೇ ಜರುಗುತ್ತದೆ, ಟ್ಯೂಬನ್ನೂ ಎಳೆಯುತ್ತದೆ. ವಾಲ್ವು ನೆಟ್ಟಗಿರದೆ ಓರೆಯಾಗಿದ್ದರೆ ಅದೇ ಗುರುತು. ಎರಡನೇ ಅನುಮಾನ ಕೈಪಂಪು: ವಾಲ್ವಿಗೆ ನೇರ ಸಿಕ್ಕಿಸುವ ಪಂಪಾದರೆ ಪ್ರತಿ ಒತ್ತಿಗೂ ಬುಡ ಅಲ್ಲಾಡುತ್ತದೆ. ಸಣ್ಣ ರಬ್ಬರ್ ಕೊಳವೆ ಇರುವ ಪಂಪು ತಗೊಳ್ಳಿ. ವಾಲ್ವಿನ ನಟ್ಟನ್ನು ಬೆರಳಲ್ಲಿ ತಿರುಗಿಸಿದಷ್ಟೇ ಸಾಕು, ಇಕ್ಕಳ ಹಾಕಬೇಡಿ.

ಎರೆಹೊಲ:
ಸೂಜಿತೂತಿನ ಕಳ್ಳನನ್ನು ನಮ್ಮ ಕಡೆಯವರಿಗೆ ಪರಿಚಯಿಸಬೇಕಾಗಿಲ್ಲ. ನೆಗ್ಗಿಲು ಮುಳ್ಳು! ಅಲ್ಲಿ ಅದಕ್ಕೆ ಕ್ರ್ವಾ ದ ಮಾಲ್ತ್ ಅನ್ನುತ್ತಾರೆ. ಮೆಡಿಟರೇನಿಯನ್ ಕಡೆಯ ಒಣ ಮರಳು ನೆಲದಲ್ಲಿ, ದಾರಿಯ ಅಂಚಿನಲ್ಲಿ, ನೆಲಕ್ಕೆ ಅಂಟಿಕೊಂಡು ಹಬ್ಬುತ್ತದೆ, ಹಳದಿ ಹೂವು. ಕಾಯಿ ಒಣಗಿ ಹೋಳಾದರೆ ಒಂದೊಂದು ಹೋಳಿಗೂ ಗಟ್ಟಿ ಮುಳ್ಳು, ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ. ಬೇಸಿಗೆಯ ಕೊನೆಯಲ್ಲಿ ಕಾಟ ಜಾಸ್ತಿ. ಆದ್ದರಿಂದ ಹುಲ್ಲಂಚಿಗೆ ಸೈಕಲ್ ಒರಗಿಸಿ ಊಟಕ್ಕೆ ಕೂರಬೇಡಿ, ದಾರಿಯ ನಡುವೆಯೇ ಇರಿ.

ಹೊಸ ಟ್ಯೂಬ್ ಹಾಕುವ ಮುಂಚೆ ಹಳೆ ಮುಳ್ಳು ಟೈರಿನಲ್ಲೇ ಉಳಿದಿದೆಯಾ ನೋಡಲೇಬೇಕು. ನಿಮ್ಮ ಎರಡು ಸೂಜಿತೂತಿಗೂ ಒಂದೇ ಮುಳ್ಳು ಕಾರಣವಾಗಿದ್ದರೆ ಆಶ್ಚರ್ಯವಿಲ್ಲ. ಟೈರಿನ ಹೆಸರು ಬರೆದ ಜಾಗವನ್ನು ಯಾವಾಗಲೂ ವಾಲ್ವಿನ ಪಕ್ಕದಲ್ಲೇ ಬರುವಂತೆ ಕೂರಿಸಿ. ಆಗ ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ದೂರವೋ ಅಷ್ಟೇ ದೂರದಲ್ಲಿ ಟೈರಿನಲ್ಲಿ ಮುಳ್ಳು ಸಿಗುತ್ತದೆ. ಟೈರಿನ ಒಳಗೆ ಬರಿಗೈ ಆಡಿಸಬೇಡಿ. ಹತ್ತಿ ಅಥವಾ ಹಳೆ ಕಾಲುಚೀಲ ಉಜ್ಜಿ, ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲೇ ಮೊನೆ. ಚಿಮುಟ ಸಾಮಾನು ಚೀಲದಲ್ಲಿರಲಿ. ಉಗುರಲ್ಲಿ ಎಳೆದರೆ ತಲೆ ಮುರಿದು ಮೊನೆ ಒಳಗೇ ಕೂರುತ್ತದೆ.

ಹೊಸದಾರಿ:
ರಿಮ್ಮು ಟ್ಯೂಬ್‌ಲೆಸ್‌ಗೆ ಒಗ್ಗುತ್ತದೆ. ಬೇಝಿಯೇಯಲ್ಲೇ ಬದಲಿಸಿಬಿಡಲಾ?

ಮಣ್ಣುಮಸಿ:
ಬದಲಿಸಿ, ಯೋಚನೆ ಯಾಕೆ? ರಿಮ್ಮಿನ ಒಳಗೆ ಸುತ್ತಲು 25 ಮಿ.ಮೀ. ಟೇಪು, ಚಕ್ರಕ್ಕೆ 60 ಮಿ.ಲೀ. ಲೇಟೆಕ್ಸ್ ಸೀಲೆಂಟ್ (ತೂತು ಮುಚ್ಚುವ ದ್ರವ), ಗಾಳಿ 2.2 ಮತ್ತು 2.5. ನೆಗ್ಗಿಲು ಚುಚ್ಚಿದರೂ ಮುಳ್ಳು ಕಿತ್ತು, ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ಒಂದು ನಿಮಿಷ ನಿಲ್ಲಿಸಿದರೆ ತಾನೇ ಮುಚ್ಚುತ್ತದೆ.

ಕಡ್ಡಿಚಕ್ರ:
ಮನೆಯಲ್ಲಾದರೆ ಒಪ್ಪುತ್ತೇನೆ. ಸವಾರಿಯ ಮಧ್ಯೆ ಬೇಡ. ಟೈರೂ ಟ್ಯೂಬ್‌ಲೆಸ್‌ನದ್ದೇ ಆಗಬೇಕು, ಮಾಮೂಲಿ ಟೈರಿನ ಅಂಚು ರಿಮ್ಮಿಗೆ ನೆಚ್ಚಿಕೆಯಾಗಿ ಕಚ್ಚುವುದಿಲ್ಲ. ಹೊಸ ಟೇಪು ಎಲ್ಲಾದರೂ ಸುಕ್ಕಾದರೆ ಕಡ್ಡಿಯ ತೂತಿನಿಂದ ಗಾಳಿ ಸೋರುತ್ತದೆ, ಅದು ಮಾರನೇ ಬೆಳಗ್ಗೆಯಷ್ಟೇ ಗೊತ್ತಾಗುವುದು. ಅಂಚು ಕೂರಿಸಲು ಒಮ್ಮೆಲೇ ನುಗ್ಗುವ ಗಾಳಿ ಬೇಕು, ಹಳ್ಳಿಯಲ್ಲಿ ಕಂಪ್ರೆಸರ್ ಹುಡುಕುವವರು ಯಾರು? ಸೈಕಲ್ ಅಂಗಡಿಗಳು ಮಧ್ಯಾಹ್ನ 12ರಿಂದ 2ರವರೆಗೆ ಬಾಗಿಲು ಹಾಕುತ್ತವೆ, ಭಾನುವಾರ ಸೋಮವಾರ ಎಷ್ಟೋ ಕಡೆ ತೆಗೆಯುವುದೇ ಇಲ್ಲ.

ನಡುದಾರಿಯ ಉಪಾಯ: ವಾಲ್ವಿನ ತಿರುಳು ಬಿಚ್ಚಲು ಬರುವ ಪ್ರೆಸ್ಟಾ (ತೆಳು ವಾಲ್ವಿನ) ಟ್ಯೂಬು ಕೊಂಡು, ಪ್ರತಿಯೊಂದಕ್ಕೆ 40 ಮಿ.ಲೀ. ಸೀಲೆಂಟ್ ತುಂಬಿ. ತುಂಬುವಾಗ ವಾಲ್ವು ಗಡಿಯಾರದ ನಾಲ್ಕು ಗಂಟೆಯ ಜಾಗದಲ್ಲಿರಲಿ, ಇಲ್ಲದಿದ್ದರೆ ವಾಪಸ್ ಉಕ್ಕಿ ವಾಲ್ವೇ ಕಟ್ಟಿಕೊಳ್ಳುತ್ತದೆ. ಇದು ಮುಳ್ಳಿಗೆ ಮಾತ್ರ ಮದ್ದು. ಜಜ್ಜಿದ ಸೀಳನ್ನು ಯಾವ ಸೀಲೆಂಟೂ ಮುಚ್ಚುವುದಿಲ್ಲ. ಅದಕ್ಕೆ ಮೇಲೆ ಹೇಳಿದ ಗಾಳಿಯೇ ಗತಿ. ಸಿಒ2 ಸಿಲಿಂಡರಿನ ತಣ್ಣನೆ ಗಾಳಿಗೆ ಕೆಲವು ಲೇಟೆಕ್ಸ್ ಹೆಪ್ಪುಗಟ್ಟುತ್ತವೆ, ಹಾಗಾಗಿ ಕೈಪಂಪೇ ವಾಸಿ.

ಹಳೆಯ ನಾಲ್ಕು ಟ್ಯೂಬು ಎಸೆಯಬೇಡಿ, ಪ್ಯಾಚ್ ಹಾಕಿ. ಸುಣ್ಣಕಲ್ಲಿನ ಬಿಳಿ ಧೂಳು ಸಂಪೂರ್ಣ ಒರೆಸಿ, ಮರಳು ಕಾಗದ ಉಜ್ಜಿ, ಅಂಟು ಹಚ್ಚಿ ಹೊಳಪು ಹೋಗುವವರೆಗೆ ಐದು ನಿಮಿಷ ಕಾಯಿರಿ. ಹಸಿ ಅಂಟಿನ ಮೇಲೆ ಒತ್ತಿದ ಪ್ಯಾಚು ಬಿಸಿಲಿಗೆ ಎದ್ದೇ ಏಳುತ್ತದೆ. ವಾಲ್ವು ಹರಿದದ್ದು ಕಸಕ್ಕೆ.

ಹೊಸದಾರಿ:
ಸರಿ, ಟ್ಯೂಬಿಗೇ ಸೀಲೆಂಟ್. ಇನ್ನೊಂದು ತೊಂದರೆ: ಬೆದಾರಿಯೂದಿಂದ ಆ್ಯಪ್ ಹಾಕಿಕೊಟ್ಟ ದಾರಿ ಒಮ್ಮೆ ಕಾರು ಓಡುವ ಡಿ ರಸ್ತೆಗೆ, ಒಮ್ಮೆ ಕಾಡಿನ ಏರಿಗೆ ಹೋಗುತ್ತಿದೆ. ಕಾರು ಬೇಡವೇ ಬೇಡ.

ಎರೆಹೊಲ:
ಆ್ಯಪ್ ಮುಚ್ಚಿಡಿ. ಪಾಸಾಪಾಯಿಸ್ ಹಳೆಯ ರೈಲು ಹಾದಿ, ಮಝಾಮೆವರೆಗೆ ಸುಮಾರು 80 ಕಿ.ಮೀ., ಮೋಟಾರು ವಾಹನಕ್ಕೆ ಪ್ರವೇಶವಿಲ್ಲ. ಪಾದಚಾರಿ, ಸೈಕಲ್, ಕುದುರೆ ಇರುವ ನೀಲಿ ಚೌಕದ ಫಲಕ ಕಂಡರೆ ಅದೇ ವ್ವಾ ವೆರ್ತ್, ಅಂದರೆ ಹಸಿರು ದಾರಿ. ರೈಲಿಗಾಗಿ ಮಾಡಿದ ದಾರಿ, ಕಡಿದಾದ ಏರಿಲ್ಲ. ಸೇಂಟ್-ಪೋನ್ಸ್ ದಾಟುವವರೆಗೆ ಗೊತ್ತಾಗದ ಹಾಗೆ ಏರುತ್ತಾ ಹೋಗುತ್ತದೆ. ಪಶ್ಚಿಮಕ್ಕೆ ಹೋಗುವಾಗ ಸೆರ್ಸ್ ಗಾಳಿ ಎದುರಾದರೆ ಮಾತ್ರ ಬೆವರು. ಕೂರ್ನಿಯೂ ಹತ್ತಿರ ಉದ್ದದ ಸುರಂಗವಿದೆ, ಮುಂದೀಪ ಚಾರ್ಜ್ ಆಗಿರಲಿ, ಒಳಗೆ ಚಳಿ. ರಸ್ತೆ ದಾಟುವಲ್ಲೆಲ್ಲ ಕಾರು ತಡೆಯುವ ಕಂಬಗಳಿರುತ್ತವೆ, ಪಕ್ಕದ ಚೀಲ ತಗುಲದಂತೆ ನಿಧಾನಿಸಿ.

ಪಕ್ಕದ ಮಣ್ಣುದಾರಿ ಹಿಡಿಯಲೇಬೇಕೆಂದರೆ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಟ್ರ್ಯಾಕ್‌ಟೈಪ್ (ದಾರಿ ಎಷ್ಟು ಗಟ್ಟಿ ಎಂಬ ದರ್ಜೆ) ನೋಡಿ. ಗ್ರೇಡ್ 2, 3 ನಿಮ್ಮ ಟೈರಿಗೆ ಸರಿ. 4, 5 ಅಂದರೆ ಹುಲ್ಲು, ಕೆಸರು, ತಳ್ಳಿಕೊಂಡು ನಡೆಯುವುದು. ಕೆಂಪು ಬಿಳಿ ಪಟ್ಟೆ ನಡಿಗೆಯವರ ಜಿ.ಆರ್. ದಾರಿ, ಅದನ್ನು ನಂಬಿ ಸೈಕಲ್ ಇಳಿಸಬೇಡಿ. ಮೌಂಟನ್ ಬೈಕಿನ ಗುರುತು ಒಂದು ತ್ರಿಕೋನ, ಎರಡು ಚಕ್ರ. ‘ಶಾಸ್ ಆಂ ಕೂರ್’ ಅಂತ ಫಲಕ ಇಟ್ಟಿದ್ದರೆ ಬೇಟೆ ನಡೆಯುತ್ತಿದೆ ಎಂದರ್ಥ, ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ಇದು ಮಾಮೂಲು. ವಾಪಸ್ ಹಿಂದಿರುಗಿ.

ಮಣ್ಣುಮಸಿ:
ನೀರಿನ ಮಾತು ಯಾರೂ ಎತ್ತಲಿಲ್ಲ. ಹಳ್ಳಿಯಲ್ಲಿ ಅಂಗಡಿ ಮುಚ್ಚಿದ್ದರೆ ಸ್ಮಶಾನಕ್ಕೆ ಹೋಗಿ. ಮುಖ ಸಿಂಡರಿಸಬೇಡಿ, ಅಲ್ಲಿ ಸಮಾಧಿಯ ಹೂಗಿಡಗಳಿಗೆ ನಲ್ಲಿ ಇಟ್ಟಿರುತ್ತಾರೆ, ಸೈಕಲ್‌ನವರೆಲ್ಲ ಅಲ್ಲೇ ಬಾಟಲಿ ತುಂಬುವುದು. ‘ನೋಂ ಪೋತಾಬ್ಲ್’ ಎಂದು ಬರೆದಿದ್ದರೆ ಆ ನೀರು ಕುಡಿಯಲಿಕ್ಕಲ್ಲ, ಪಂಚರ್ ಟ್ಯೂಬ್ ಮುಳುಗಿಸಿ ಗುಳ್ಳೆ ಹುಡುಕಲಿಕ್ಕೆ.