ಅಪ್‌ಡೇಟ್: ಬೋರ್ಡಿನಲ್ಲಿ ‘ಆನ್ ಟೈಮ್’, ವಿಮಾನ ಮಾತ್ರ ಬಂದೇ ಇಲ್ಲ

ವಿಮಾನವೇ ಬಂದಿಲ್ಲ, ಆದರೂ ಬೋರ್ಡಿನಲ್ಲಿ ‘ಆನ್ ಟೈಮ್’ ಅಂತ ಇರುತ್ತದೆ, ನಿಜವಾಗಿ ಎಷ್ಟು ತಡ ಅಂತ ಮೊದಲೇ ತಿಳಿಯುವುದು ಹೇಗೆ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ನಮ್ಮನ್ನು ಹತ್ತಿಸಿಕೊಳ್ಳಬೇಕಾದ ವಿಮಾನ ಈಗ ಎಲ್ಲಿದೆ ನೋಡಿ ಅಂದಿದ್ದೇ ಜಾಸ್ತಿ ಕೆಲಸಕ್ಕೆ ಬಂತು. ವಿಮಾನಗಳು ಈಗ ಎಲ್ಲಿವೆ ಅಂತ ನಕ್ಷೆಯಲ್ಲಿ ತೋರಿಸುವ ಫ್ಲೈಟ್‌ರಾಡಾರ್24 ಆ್ಯಪ್‌ನಲ್ಲಿ ಫ್ಲೈಟ್ ನಂಬರ್ ಹಾಕಿದೆ, ವಿಮಾನದ ರಿಜಿಸ್ಟ್ರೇಷನ್ ನಂಬರ್ ಸಿಕ್ಕಿತು, ಅದನ್ನು ಒತ್ತಿದರೆ ಆ ವಿಮಾನ ಹಿಂದಿನ ಊರಿನಿಂದ ಇನ್ನೂ ಹೊರಟೇ ಇಲ್ಲ! ಅದು ಬಂದು, ಜನ ಇಳಿದು, ಕ್ಲೀನ್ ಆಗಿ, ಇಂಧನ ತುಂಬಿಸಿಕೊಂಡು, ಆಮೇಲೆ ನಾವು ಹತ್ತಬೇಕು. ಇದಕ್ಕೇ ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲು ಗಂಟೆ ಹಿಡಿಯುತ್ತದೆ. ತಡ ಖಚಿತ ಅಂತ ನನಗೆ ಗೊತ್ತಾಗಿ ಎಷ್ಟೋ ಹೊತ್ತಿನ ಮೇಲೆ ಬೋರ್ಡು ಒಪ್ಪಿಕೊಂಡಿತು.

ಆದರೆ ಕೊನೇ ಗಳಿಗೆಯಲ್ಲಿ ಬೇರೆ ವಿಮಾನ ಹಾಕಿದರೆ ಲೆಕ್ಕವೆಲ್ಲ ತಲೆಕೆಳಗು, ರಿಜಿಸ್ಟ್ರೇಷನ್ ನಂಬರ್ ಆಗಾಗ ನೋಡುತ್ತಿರಿ. ನಕ್ಷೆಯಿಂದ ವಿಮಾನ ಮಾಯವಾದರೆ ಸುಮ್ನೆ ಗಾಬರಿ ಬೇಡ. ತಾನು ಎಲ್ಲಿದ್ದೇನೆ ಅಂತ ಅದು ಕಳಿಸುವ ರೇಡಿಯೊ ಸಿಗ್ನಲ್ (ಎಡಿಎಸ್-ಬಿ) ಹಿಡಿಯುವ ರಿಸೀವರ್‌ಗಳು ಹೆಚ್ಚಾಗಿ ನೆಲದ ಮೇಲಿವೆ, ನಡುಸಮುದ್ರದಲ್ಲಿ ಎಲ್ಲಿಂದ ಬರಬೇಕು, ಅಲ್ವಾ?

ಇನ್ನೊಂದು, ತಡ ಅಂತ ಗೊತ್ತಾದರೂ ಮನೆಯಿಂದ ನಿಧಾನಕ್ಕೆ ಹೊರಡಬೇಡಿ. ಚೆಕ್-ಇನ್ ಹಳೇ ಸಮಯಕ್ಕೇ ಮುಚ್ಚಬಹುದು.