ಚಿತ್ತಾರ ಮಾರಲು ಶುರು ಮಾಡಿದ ಮೇಲೆ ಹೊಸದೇನೂ ಹೊಳೆಯುತ್ತಿಲ್ಲ, ಕೆಲಸ ಬಿಡಲಾ?

ಸಾಗರದ ಹುಡುಗಿ:
ನಮ್ಮೂರು ಸಾಗರದ ಕಡೆ. ಶಿವಮೊಗ್ಗದ ಒಂದು ಆಫೀಸಿನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಅಜ್ಜಿ ಹಸೆ ಚಿತ್ತಾರ ಬರೆಯುತ್ತಿದ್ದರು, ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿಹಿಟ್ಟಿನ ಬಿಳಿ ಎಳೆ. ಅವರನ್ನು ನೋಡಿ ನೋಡಿಯೇ ಕಲಿತೆ. ಈಚೆಗೆ ಬಟ್ಟೆ ಮೇಲೆ, ಕ್ಯಾನ್ವಾಸ್ ಮೇಲೆ ಬರೆದು ಮಾರುತ್ತಿದ್ದೇನೆ. ಆರ್ಡರ್ ಬರುತ್ತಿವೆ. ಆದರೆ ಮೊದಲ ಎಳೆ ಹಾಕುವುದಕ್ಕೂ ಮುಂಚೆ ‘ಅವರಿಗೆ ಇಷ್ಟವಾಗುತ್ತಾ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತಾ’ ಅನ್ನೋದೇ ತಲೆಯಲ್ಲಿ ಓಡುತ್ತಿರುತ್ತದೆ, ಕೊನೆಗೆ ಹಿಂದೆ ಮಾರಾಟವಾದದ್ದನ್ನೇ ಮತ್ತೆ ಬರೆದು ಎದ್ದು ಬರುತ್ತೇನೆ. ಆಫೀಸು ಬಿಟ್ಟು ಪೂರ್ತಿ ಇದಕ್ಕೇ ಕೂತರೆ ಮನಸ್ಸು ಹಗುರವಾಗುತ್ತಾ?

ತೀರ್ಥಹಳ್ಳಿ ಮೇಷ್ಟ್ರು:
ತಂಗೀ, ನಿಮಗೆ ಸಮಯದ ಕೊರತೆ ಇದೆ ಅಂತ ನನಗೆ ಅನಿಸುತ್ತಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ತೆರೇಸಾ ಅಮಾಬಿಲೆ 1985ರಲ್ಲಿ 72 ಬರಹಗಾರರ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪಿನವರು ದುಡ್ಡು, ಹೆಸರು ಇಂಥ ಕಾರಣಗಳ ಬಗ್ಗೆ ಸ್ವಲ್ಪ ಹೊತ್ತು ಯೋಚಿಸಿ ಆಮೇಲೆ ಪದ್ಯ ಬರೆದರು, ಅಷ್ಟೇ. ಕವಿಗಳು ಅದನ್ನು ಓದಿ ಅಳೆದಾಗ ಆ ಗುಂಪಿನ ಪದ್ಯಗಳೇ ಸಪ್ಪೆಯಾಗಿದ್ದವು. ಯಾರೂ ಅವರಿಗೆ ಕಾಸು ಕೊಟ್ಟಿರಲಿಲ್ಲ, ಬರೀ ಯೋಚನೆಯೇ ಸಾಕಾಯಿತು.

ಹಾಗಂತ ದುಡ್ಡೇ ಕೆಟ್ಟದ್ದು ಅಂತಲ್ಲ. 1973ರ ಇನ್ನೊಂದು ಪ್ರಯೋಗದಲ್ಲಿ, ಚಿತ್ರ ಬರೆದರೆ ಬಹುಮಾನ ಅಂತ ಮೊದಲೇ ಹೇಳಿಸಿಕೊಂಡ ಪುಟ್ಟ ಮಕ್ಕಳು ಆಮೇಲೆ ತಾವಾಗಿ ಬರೆಯುವುದನ್ನು ಕಡಿಮೆ ಮಾಡಿದರು. ಬರೆದು ಮುಗಿಸಿದ ಮೇಲೆ ಅಚಾನಕ್ಕಾಗಿ ಬಹುಮಾನ ಸಿಕ್ಕಿದ ಮಕ್ಕಳ ಆಸೆ ಕುಗ್ಗಲಿಲ್ಲ. ನನ್ನ ಕ್ಲಾಸಿನಲ್ಲೂ ನೋಡಿದ್ದೇನೆ, ‘ಇದಕ್ಕೆ ಮಾರ್ಕ್ಸ್ ಇದೆಯಾ ಸರ್’ ಅಂತ ಕೇಳಿದ ದಿನ ಮಕ್ಕಳು ಬರೆಯುವ ಪ್ರಬಂಧವೇ ಬೇರೆ ಥರ ಇರುತ್ತದೆ.

ಅಡಿಕೆ ತೋಟ:
ದಯವಿಟ್ಟು ಕೆಲಸ ಬಿಡಬೇಡಿ ಮಾರಾಯ್ರೆ. ತಿಂಗಳ ಸಂಬಳ ಇರುವುದರಿಂದಲೇ ‘ಈ ಆರ್ಡರ್ ಬೇಡ’ ಅನ್ನುವ ಧೈರ್ಯ ನಿಮಗಿದೆ. ನಾಳೆ ಬಾಡಿಗೆ, ಗ್ಯಾಸು, ದಿನಸಿ ಎಲ್ಲ ಚಿತ್ತಾರದಿಂದಲೇ ಬರಬೇಕು ಅಂದರೆ ಒಂದಕ್ಕೂ ಇಲ್ಲ ಅನ್ನೋಕಾಗಲ್ಲ.

ಮಳೆಗಾಲದ ಅರ್ಥಧಾರಿ:
ಮೇಷ್ಟ್ರು ಹೇಳಿದ್ದು ಸರಿ, ಆದರೆ ಒಂದು ಸೇರಿಸುತ್ತೇನೆ. ಕಟ್ಟುಪಾಡು ಬಿಟ್ಟರೆ ಸ್ವಾತಂತ್ರ್ಯ ಅಂತ ಅಂದುಕೊಳ್ಳಬೇಡಿ. ತಾಳಮದ್ದಲೆ ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುವ ಪದ್ಯ ಮೊದಲೇ ಗೊತ್ತಿರುತ್ತದೆ, ಕಥೆಯೂ ಗೊತ್ತು, ಕರ್ಣ ಕೃಷ್ಣನ ಜೊತೆ ಹೋಗಲ್ಲ ಅನ್ನೋದು ಕೂತವರಿಗೆಲ್ಲ ಗೊತ್ತು. ಆದರೆ ಯಾಕೆ ಹೋಗಲ್ಲ ಅನ್ನುವ ಮಾತನ್ನು ಪಾತ್ರವಾಗಿ ಮಾತಾಡುವ ಅರ್ಥಧಾರಿ ಅಲ್ಲೇ, ಆಗಲೇ ಹುಟ್ಟಿಸಬೇಕು. ಚಪ್ಪಾಳೆ ಮೇಲೆ ಕಣ್ಣಿಟ್ಟು ಕೂತರೆ ಎದುರಿನವರು ಏನು ಹೇಳಿದರು ಅಂತಲೇ ಕಿವಿಗೆ ಬೀಳಲ್ಲ, ಹೋದ ವರ್ಷದ ಮಾತೇ ಬಾಯಿಗೆ ಬರುತ್ತದೆ. ಎದುರು ಕೃಷ್ಣನಾಗಿ ಕೂತವರ ಮಾತನ್ನು ನಿಜವಾಗಿ ಕೇಳಿಸಿಕೊಂಡ ರಾತ್ರಿ, ನಾನು ಎಂದೂ ಯೋಚಿಸದ ಕರ್ಣ ನನ್ನ ಬಾಯಿಂದ ಬಂದಿದ್ದಾನೆ. ನಿಮ್ಮ ಚಿತ್ತಾರಕ್ಕೂ ಕಟ್ಟು ಇದೆ, ಬಣ್ಣ ಇಷ್ಟೇ, ಎಳೆ ನೇರ ಇರಬೇಕು. ಅದು ಅಡ್ಡಿಯಲ್ಲ, ಅದರೊಳಗೆ ಕೈಯನ್ನು ಅದರ ಪಾಡಿಗೆ ಬಿಟ್ಟು ನೋಡಿ.

ಸಾಗರದ ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಕೆಲಸ ಬಿಡಲ್ಲ. ಈ ಸಲ ಭೂಮಿ ಹುಣ್ಣಿಮೆಗೆ ಮನೆಯ ಬುಟ್ಟಿ ನಾನೇ ಬರೆಯುತ್ತೇನೆ, ಚರಗ, ಅಂದರೆ ಭೂಮಿತಾಯಿಗೆ ಅರ್ಪಿಸುವ ಅಡುಗೆ, ಹೊತ್ತು ಗದ್ದೆಗೆ ಹೋಗುವ ಬುಟ್ಟಿ ಅದು, ಮಾರೋದಿಲ್ಲ, ಫೋಟೋನೂ ಹಾಕಲ್ಲ. ಅಂಗಡಿ ಬ್ರಷ್ ಬೇಡ ಅನಿಸಿದೆ. ಬ್ರಷ್ ಮಾಡಿಕೊಳ್ಳೋಕೆ ಶಿವಮೊಗ್ಗದಲ್ಲಿ ಪುಂಡಿ ನಾರು ಎಲ್ಲಾದರೂ ಸಿಗುತ್ತಾ?

ಅಡಿಕೆ ತೋಟ:
ನಮ್ಮ ಹಿತ್ತಲಲ್ಲಿ ಪುಂಡಿ ಗಿಡ ಇದೆ. ಮೆಸೇಜ್ ಮಾಡಿ, ಕೊಟ್ಟು ಕಳಿಸುತ್ತೇನೆ.