ಅಸ್ಥಿಪಂಜರದ ಡಿಎನ್‌ಎ ಪರೀಕ್ಷೆಗೆ ಯಾರ ರಕ್ತ ಕೊಡಬೇಕು?

ಪಾಂಡವಪುರದಿಂದ:
ನಮ್ಮ ಚಿಕ್ಕಪ್ಪ ನಾಲ್ಕು ವರ್ಷದ ಹಿಂದೆ ಡೇರಿಗೆ ಹಾಲು ಹಾಕಿ ಬರುತ್ತೇನೆ ಅಂತ ಹೋದವರು ವಾಪಸ್ ಬರಲಿಲ್ಲ. ಹೋದ ವಾರ ನಾಲೆಯ ಹೂಳು ಎತ್ತುವಾಗ ಅಸ್ಥಿಪಂಜರ ಸಿಕ್ಕಿದೆ. ಜೊತೆಗೆ ಒಂದು ಬೆಲ್ಟಿನ ಬಕಲ್. ಅಂಥದ್ದು ನಮ್ಮೂರಲ್ಲೇ ಹತ್ತು ಜನರ ಹತ್ತಿರ ಇದೆ. ಸ್ಟೇಷನ್ನಿಂದ ಫೋನ್ ಮಾಡಿ, ರಕ್ತ ಕೊಡಲು ಮನೆಯವರು ಬನ್ನಿ ಅಂದರು. ಅಜ್ಜಿಗೆ 81. ಅವರನ್ನು ಇದಕ್ಕೆಲ್ಲ ಎಳೆಯಲು ಮನಸ್ಸಿಲ್ಲ. ಚಿಕ್ಕಪ್ಪನ ಮಗನಿಗೆ ಇನ್ನೂ 9. ನಾನು ಅಣ್ಣನ ಮಗಳು, ನಾನೇ ಕೊಟ್ಟರೆ ಆಗಲ್ವಾ?

ಸರಸ್ವತಿಪುರಂ, ಮೈಸೂರು:
ನೋಡಮ್ಮ, ನಾನು ಲ್ಯಾಬಿನಲ್ಲಿ 22 ವರ್ಷ ಇದೇ ಕೆಲಸ ಮಾಡಿದವನು. ಅಜ್ಜಿಯೇ ಬೇಕು.

ಮೂಳೆ ನೀರು, ಕೆಸರಲ್ಲಿ ಬಿದ್ದಿದ್ದರೆ ಡಿಎನ್‌ಎ ಚೂರುಚೂರಾಗಿರುತ್ತದೆ. ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿ ಅದರ ಪ್ರತಿ ಎರಡೇ ಎರಡು. ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗವಾದ ಮೈಟೊಕಾಂಡ್ರಿಯದ ಡಿಎನ್‌ಎ ನೂರಾರು, ಸಾವಿರಾರು ಪ್ರತಿ ಇರುವುದರಿಂದ ಒಂದಷ್ಟಾದರೂ ಉಳಿದಿರುತ್ತದೆ. ಅದು ತಾಯಿಯಿಂದ ಮಾತ್ರ ಬರುವುದು. ನಿನ್ನಲ್ಲಿರುವುದು ನಿನ್ನ ಅಮ್ಮನದು, ಆ ಮಗುವಿನಲ್ಲಿರುವುದು ಅವನ ಅಮ್ಮನದು. ಚಿಕ್ಕಪ್ಪನಲ್ಲಿ ಅಜ್ಜಿಯದು. ನಿಮ್ಮ ಅಪ್ಪ ಇದ್ದರೆ ಅವರಲ್ಲೂ ಅದೇ.

ಆದರೆ ಅದೊಂದು ಹೊಂದಿದ ಮಾತ್ರಕ್ಕೆ ಇವರೇ ಅನ್ನಲು ಆಗುವುದಿಲ್ಲ, ಆ ತಾಯಿ ಕಡೆಯ ಯಾರಾದರೂ ಆಗಬಹುದು. ನ್ಯೂಕ್ಲಿಯಸ್ಸಿನದೂ ಸಿಕ್ಕಿದರೆ ಸುಮಾರು ಇಪ್ಪತ್ತು ಜಾಗ ನೋಡುತ್ತಾರೆ. ಒಂದೊಂದು ಜಾಗದಲ್ಲೂ ಎರಡು ಅಂಕಿ, ಅಂದರೆ ಅಲ್ಲಿ ಡಿಎನ್‌ಎಯ ಒಂದು ಚೂರು ಎಷ್ಟು ಸಲ ಮತ್ತೆ ಮತ್ತೆ ಬಂದಿದೆ ಎಂಬ ಲೆಕ್ಕ. ಒಂದು ಅಜ್ಜಿಯಿಂದ ಬಂದಿರಬೇಕು, ಎರಡರಲ್ಲಿ ಒಂದು ಮಗನಿಗೆ ಹೋಗಿರಬೇಕು. ಅದಕ್ಕೇ ಅಜ್ಜಿ, ಮಗು ಇಬ್ಬರನ್ನೂ ಕರೆದುಕೊಂಡು ಹೋಗಿ. ಅವರು ಮೂಳೆ ನೋಡಬೇಕಾಗಿಲ್ಲ. ಸೂಜಿಗೆ ಹೆದರಿದರೆ ಕೆನ್ನೆಯ ಒಳಗೆ ಹತ್ತಿ ಕಡ್ಡಿ ಆಡಿಸಿ ತೆಗೆಯಲೂ ಬರುತ್ತದೆ, ಕೇಳಿ ನೋಡಿ.

ಮದ್ದೂರಿನಿಂದ:
ಸಾರ್, ನಾಲ್ಕು ವರ್ಷ ನೀರಲ್ಲಿದ್ದ ಮೂಳೆಯಲ್ಲಿ ಏನು ಸಿಗುತ್ತದೆ? ಸುಮ್ನೆ ಆಸೆ ಹುಟ್ಟಿಸಬೇಡಿ.

ಸರಸ್ವತಿಪುರಂ, ಮೈಸೂರು:
ಸುಮ್ನೆ ಹೇಳುತ್ತಿಲ್ಲ. ಪಂಜಾಬಿನ ಅಜ್‌ನಾಲಾದಲ್ಲಿ 1857ರ ಸಿಪಾಯಿಗಳ ಮೂಳೆಗಳನ್ನು 2014ರಲ್ಲಿ ಬಾವಿಯಿಂದ ತೆಗೆದರು. ಅವರ ಹಲ್ಲಿನಿಂದಲೇ ಡಿಎನ್‌ಎ ಸಿಕ್ಕಿ, ಗಂಗಾ ಬಯಲಿನ ಕಡೆಯವರು ಅಂತ 2022ರಲ್ಲಿ ಗೊತ್ತಾಯಿತು. ದವಡೆ ಹಲ್ಲು, ತೊಡೆ ಮೂಳೆ, ಕಿವಿಯ ಒಳಭಾಗವನ್ನು ಸುತ್ತಿರುವ ಗಟ್ಟಿ ಮೂಳೆ, ಇವೇ ನಮಗೆ ಆಧಾರ. ಮೇಲ್ಪದರ ಉಜ್ಜಿ ತೆಗೆದು ನಿಧಾನಕ್ಕೆ ಕೊರೆಯುತ್ತಿದ್ದೆವು. ಜೋರಾಗಿ ಕೊರೆದರೆ ಬಿಸಿಗೇ ಡಿಎನ್‌ಎ ಹೋಗಿಬಿಡುತ್ತದೆ. ರಾಗಿ ಹಿಟ್ಟಿನಷ್ಟು ನುಣ್ಣಗಾದ ಪುಡಿಯನ್ನು ರಾತ್ರಿಯಿಡೀ ದ್ರಾವಣದಲ್ಲಿ ಅಲುಗಾಡಿಸಿ ಸುಣ್ಣದಂಶ ಬಿಡಿಸಬೇಕು. ಮೊದಲ ಸಲ ಬರದಿದ್ದರೆ ಬೇರೆ ಮೂಳೆಯಿಂದ ಮತ್ತೆ.

ಅದಕ್ಕೇ ಇನ್ನೊಂದು ಮಾತು. ರಿಪೋರ್ಟ್ ಬರುವ ತನಕ ಮೂಳೆ ಕೊಡಿ, ಸಂಸ್ಕಾರ ಮಾಡುತ್ತೇವೆ ಅಂತ ಯಾರೂ ಕೇಳಬೇಡಿ. ಸುಟ್ಟ ಮೇಲೆ ಮತ್ತೆ ನೋಡಲು ಏನೂ ಉಳಿಯುವುದಿಲ್ಲ.

ಪಾಂಡವಪುರದಿಂದ:
ಅಜ್ಜಿಗೆ ಎಲ್ಲ ಹೇಳಿದೆ ಸಾರ್. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಟ್ರಂಕಿನಿಂದ ಒಳ್ಳೆ ಸೀರೆ ತೆಗೆದು ಬಿಸಿಲಿಗೆ ಹಾಕಿದರು. ಸೋಮವಾರ ಹೋಗುತ್ತಿದ್ದೇವೆ. ಅವರು ಊಟ ಮಾಡಿ ಬರಬಹುದಾ?

ಸರಸ್ವತಿಪುರಂ, ಮೈಸೂರು:
ಹೊಟ್ಟೆ ತುಂಬಾ ಊಟ ಮಾಡಿಸಿ ಕರೆದುಕೊಂಡು ಹೋಗಮ್ಮ. ಈಚೆಗೆ ಅವರಿಗೆ ಆಸ್ಪತ್ರೆಯಲ್ಲಿ ಬೇರೆಯವರ ರಕ್ತ ಹಾಕಿದ್ದರೆ ಮಾತ್ರ ಮೊದಲೇ ತಿಳಿಸು.